ಯಾರೂ ಎದ್ದು ಕೂರದ ನಾಟಕಗಳು

ಕೇಳುಗರಿಗೆಲ್ಲ ನಮಸ್ಕಾರ.

ಸಕಲೇಶಪುರದ ಕಡೆ ಈಗ ಕಾಫಿ ಕಣಗಳೆಲ್ಲ ಖಾಲಿ. ಕೊಯ್ಲು ಮುಗಿದು, ಹಣ್ಣು ಒಣಗಿ, ಮೂಟೆಯಾಗಿ ಹೋಗಿದೆ. ಕಾಫಿ ಗಿಡ ಅರಳಿಸುವ ಹೂ ಮಳೆ ಬಿದ್ದು ತೋಟವೆಲ್ಲ ಬೆಳ್ಳಗಾಗಿತ್ತು. ನಾಲ್ಕೈದು ದಿನಕ್ಕೆ ಆ ಹೂವೂ ಕಂದಿ ಉದುರಿತು. ಇನ್ನು ಜೂನ್ ತಿಂಗಳಲ್ಲಿ ಮುಂಗಾರು ಹಿಡಿಯುವ ತನಕ ಸಂಜೆ ಹೊತ್ತು ಬಯಲಲ್ಲಿ ಕೂರಬಹುದು. ಶಾಲೆಗೂ ರಜೆ. ನಮ್ಮ ನಾಟಕದ ತಂಡ ಸೇರುವುದು ವರ್ಷಕ್ಕೆ ಈ ಎರಡು ತಿಂಗಳು ಮಾತ್ರ.

ನಾನು ಶಾಲೆಯ ಮೇಷ್ಟ್ರು. ತಂಡದಲ್ಲಿ ಒಬ್ಬರು ಬಸ್ ಕಂಡಕ್ಟರ್, ಒಬ್ಬರು ಅಂಗನವಾಡಿಯಲ್ಲಿ ಕೆಲಸ ಮಾಡುವ ಅಕ್ಕ, ಒಬ್ಬರು ತೋಟದ ಲೆಕ್ಕ ಬರೆಯುವ ರೈಟರ್. ಹಾಸನದ ಕಾಲೇಜಿನಲ್ಲಿ ಓದುವ ನಾಲ್ಕು ಮಕ್ಕಳಿದ್ದಾರೆ. ಪರಿಚಯದ ತೋಟದವರೊಬ್ಬರು ಕಣ ಬಿಟ್ಟುಕೊಡುತ್ತಾರೆ. ಹಗಲೆಲ್ಲ ಬಿಸಿಲಿಗೆ ಕಾದ ಸಿಮೆಂಟಿನ ಮೇಲೆ ಸಂಜೆ ಐದಕ್ಕೆ ನೀರು ಚಿಮುಕಿಸಿ ತಾಲೀಮು ಶುರು ಮಾಡುತ್ತೇವೆ. ತೋಟದ ಕೆಲಸದವರು ಇರುವ ಲೈನ್ ಮನೆಯ ಮಕ್ಕಳು ಕಟ್ಟೆಯ ಮೇಲೆ ಸಾಲಾಗಿ ಬಂದು ಕೂರುತ್ತಾರೆ. ನಮ್ಮ ಮಾತು ನಮಗಿಂತ ಮೊದಲು ಅವರಿಗೆ ಬಾಯಿಪಾಠ ಆಗಿರುತ್ತದೆ.

ಈ ಬೇಸಿಗೆಗೆ ನಾವು ಮೂರು ಹೊಸ ನಾಟಕ ಕಟ್ಟಿದ್ದೇವೆ. ಮೂರೂ ಸಾವಿನ ಸುತ್ತ ಇರುವ ನಾಟಕಗಳೇ. ಕೇಳಿದವರೆಲ್ಲ ಹೇಳುವುದು ಒಂದೇ ಮಾತು. "ಬೇರೆ ವಿಷಯ ಸಿಗಲಿಲ್ವಾ ಮೇಷ್ಟ್ರೇ? ರಜೆಯಲ್ಲಿ ಮಕ್ಕಳು ಮರಿ ಬರ್ತಾರೆ, ನಗಿಸೋ ನಾಟಕ ಮಾಡಿ." ಕೇಳಬೇಕಾದ ಪ್ರಶ್ನೆಯೇ ಅದು. ಇವತ್ತು ಅದಕ್ಕೆ ನನ್ನ ಉತ್ತರ ಹೇಳಬೇಕು ಅಂತ ಬಂದಿದ್ದೇನೆ.

ನಮ್ಮೂರು ಅರಸೀಕೆರೆ ಕಡೆ. ನಾನು ಚಿಕ್ಕವನಿದ್ದಾಗ ಊರಲ್ಲಿ ಹರಿಶ್ಚಂದ್ರ ನಾಟಕ ಆಡುತ್ತಿದ್ದರು. ಹಾರ್ಮೋನಿಯಂ ಮೇಷ್ಟ್ರು ಬಂದು ಮೂರು ತಿಂಗಳು ಊರಲ್ಲೇ ಉಳಿಯುತ್ತಿದ್ದರು. ದಿನಕ್ಕೊಂದು ಮನೆಯಲ್ಲಿ ಅವರಿಗೆ ಊಟ. ರಾತ್ರಿ ಹತ್ತಕ್ಕೆ ಶುರುವಾದ ನಾಟಕ ಮುಗಿಯುವಾಗ ಕೋಳಿ ಕೂಗುತ್ತಿತ್ತು. ಸುಡುಗಾಡಿನ ದೃಶ್ಯ ಬರುವ ಹೊತ್ತಿಗೆ ನಾವು ಹುಡುಗರೆಲ್ಲ ಕಂಬಳಿ ಹೊದ್ದು ಅಲ್ಲೇ ನಿದ್ದೆ ಹೋಗಿರುತ್ತಿದ್ದೆವು. ಚಂದ್ರಮತಿ ಮಗನ ಹೆಣ ಹೊತ್ತು ತಂದಾಗ ಅಜ್ಜಿ ನನ್ನನ್ನು ತಟ್ಟಿ ಎಬ್ಬಿಸುತ್ತಿದ್ದಳು. "ಏಳೋ, ಲೋಹಿತಾಶ್ವ ಬಂದ." ಸುಡುಗಾಡು ಕಾಯುವವನು ತೆರಿಗೆ ಕೊಡು ಅನ್ನುತ್ತಾನೆ. ಅವನು ಸ್ವಂತ ಗಂಡ ಅಂತ ಅವಳಿಗೆ ಗೊತ್ತಿಲ್ಲ. ಅಜ್ಜಿ ಸೆರಗು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದಳು. ಕೊನೆಗೆ ವಿಶ್ವನಾಥ ಪ್ರತ್ಯಕ್ಷ ಆಗುತ್ತಾನೆ, ಹುಡುಗ ಎದ್ದು ಕೂರುತ್ತಾನೆ. ಅದು ಅವಳಿಗೆ ಗೊತ್ತೇ ಇತ್ತು. ಎಷ್ಟು ಸಲ ನೋಡಿದ್ದಳೋ. ಆದರೂ ಪ್ರತಿ ಸಲ ಅಳುತ್ತಿದ್ದಳು.

ಅವಳ ಐದು ಮಕ್ಕಳಲ್ಲಿ ಇಬ್ಬರು ಚಿಕ್ಕವರಿದ್ದಾಗಲೇ ತೀರಿಕೊಂಡಿದ್ದರು. ಅದು ನನಗೆ ತಿಳಿದದ್ದು ಅಜ್ಜಿ ಹೋದ ಮೇಲೆ.

ನಮ್ಮ ಹೊಸ ನಾಟಕಗಳಲ್ಲಿ ಯಾರೂ ಎದ್ದು ಕೂರುವುದಿಲ್ಲ. ವ್ಯತ್ಯಾಸ ಇರುವುದು ಅಲ್ಲೇ. ಹೋದವರು ಹೋದರು. ಹಾಗಾದರೆ ನೋಡುವುದಕ್ಕೆ ಏನು ಉಳಿಯಿತು? ಉಳಿದವರು. ಅವರು ಒಬ್ಬರನ್ನೊಬ್ಬರು ಹೇಗೆ ಹಿಡಿದುಕೊಳ್ಳುತ್ತಾರೆ, ಅಥವಾ ಹೇಗೆ ಕೈಬಿಡುತ್ತಾರೆ ಅನ್ನುವುದು. ನಾವು ಬರೆದಿರುವುದು ಅಷ್ಟನ್ನೇ.

ಮೊದಲು ಊರಲ್ಲಿ ಒಂದು ಸಾವಾದರೆ ಅಕ್ಕಪಕ್ಕದ ಮನೆಗಳಲ್ಲೂ ಒಲೆ ಹಚ್ಚುತ್ತಿರಲಿಲ್ಲ. ಹೆಂಗಸರು ಹೆಣದ ಸುತ್ತ ಕೂತು ಹಾಡಿಕೊಂಡು ಅಳುತ್ತಿದ್ದರು. ಸತ್ತವರು ಮಾಡಿದ ಒಳ್ಳೆಯದು, ಕೆಟ್ಟದ್ದು, ತಿನ್ನಲು ಇಷ್ಟಪಡುತ್ತಿದ್ದದ್ದು, ಯಾರ ಜೊತೆ ಜಗಳ ಆಗಿತ್ತು ಎಲ್ಲವೂ ಆ ಹಾಡಿನಲ್ಲಿ ಬರುತ್ತಿತ್ತು. ಜಗಳ ಆಡಿದವರೂ ಅಲ್ಲೇ ಕೂತು ಕೇಳುತ್ತಿದ್ದರು. ಮೂರನೇ ದಿನ ಹಾಲು ತುಪ್ಪ, ಆಮೇಲೆ ತಿಥಿ. ಅಷ್ಟು ದಿನವೂ ಮನೆಯಲ್ಲಿ ಜನ ಇರುತ್ತಿದ್ದರು. ಈಗ ನೆಂಟರು ಬೆಂಗಳೂರಿನಿಂದ ಬೆಳಿಗ್ಗೆ ಬಂದು ಸಂಜೆಗೆ ಹೊರಡಬೇಕು. ಅವರನ್ನು ದೂರುವುದಿಲ್ಲ, ಅವರಿಗೂ ಕೆಲಸ ಇದೆ, ರಜೆ ಸಿಗುವುದಿಲ್ಲ. ಆದರೆ ಸಂಜೆ ಏಳು ಗಂಟೆಗೆ ಆ ಮನೆ ಹೇಗಿರುತ್ತದೆ ಅಂತ ನೋಡಿದವರಿಗೆ ಗೊತ್ತು.

2021ರ ಮೇ ತಿಂಗಳಲ್ಲಿ ನನ್ನ ಸೋದರಮಾವ ಕೊರೊನಾದಿಂದ ತೀರಿಕೊಂಡರು. ನನಗೆ ಅಕ್ಷರ ಕಲಿಸಿದವರು. ನಾನು ಹೋಗಲಾಗಲಿಲ್ಲ. ಯಾರೋ ಪುಣ್ಯಾತ್ಮರು ದೂರದಲ್ಲಿ ನಿಂತು ಮೊಬೈಲಿನಲ್ಲಿ ತೋರಿಸಿದರು. ಕವರಿನಲ್ಲಿ ಸುತ್ತಿದ್ದರು, ಮುಖ ಕಾಣಲಿಲ್ಲ. ಎರಡು ನಿಮಿಷಕ್ಕೆ ನೆಟ್‌ವರ್ಕ್ ಹೋಯಿತು. ಆಗ ಅಳಲಿಕ್ಕೂ ಆಗಲಿಲ್ಲ, ಆಮೇಲೂ ಆಗಲಿಲ್ಲ. ತಂಡದಲ್ಲಿ ಒಂದು ಸಂಜೆ ಇದನ್ನು ಹೇಳಿದೆ. ಎಲ್ಲರ ಹತ್ತಿರವೂ ಅಂಥದೇ ಒಂದೊಂದು ಇತ್ತು. ಆವತ್ತು ತಾಲೀಮು ನಡೆಯಲಿಲ್ಲ. ಕತ್ತಲಾಗುವ ತನಕ ಕಣದಲ್ಲಿ ಸುಮ್ನೆ ಕೂತಿದ್ದೆವು. ಮೊದಲ ನಾಟಕ ಹುಟ್ಟಿದ್ದು ಆ ಸಂಜೆ.

ಅದರ ಕಥೆ ಇಷ್ಟೇ. ನಿವೃತ್ತ ನೌಕರರೊಬ್ಬರು ತೀರಿಕೊಂಡಿದ್ದಾರೆ. ತಿಥಿ ಮುಗಿದಿದೆ, ಎಲ್ಲರೂ ಹೊರಟಿದ್ದಾರೆ. ಹೆಂಡತಿ ಒಬ್ಬಳೇ ಕೂತು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಾಳೆ. ಅವರ ಫೋನ್ ರಿಂಗ್ ಆಗುತ್ತದೆ. ಪಿಂಚಣಿ ತೆಗೆದುಕೊಳ್ಳುವವರು ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ನವೆಂಬರ್ ತಿಂಗಳಲ್ಲಿ, ತಾವು ಬದುಕಿದ್ದೇವೆ ಅಂತ ಒಂದು ಪ್ರಮಾಣಪತ್ರ ಕೊಡಬೇಕಲ್ವಾ? ಅದನ್ನು ನೆನಪಿಸುವ ಫೋನು. "ಯಜಮಾನರು ಇದ್ದಾರಾ ಅಮ್ಮಾ? ಅವರು ಇನ್ನೂ ಬಂದು ಸಹಿ ಮಾಡಿಲ್ಲ." ಆ ಕಡೆ ಮಾತಾಡುವ ಹುಡುಗಿಯ ದನಿ ಬಹಳ ಮೃದು. ಈಕೆ ಒಂದು ಕ್ಷಣ ಸುಮ್ಮನಿದ್ದು ಹೇಳುತ್ತಾಳೆ: "ತೋಟದ ಕಡೆ ಹೋಗಿದ್ದಾರೆ. ಬಂದ ಮೇಲೆ ಹೇಳ್ತೀನಿ."

ಅವಳ ಬಾಯಿಗೆ ಆ ಸುಳ್ಳು ಹೇಗೆ ಬಂತೋ ಅವಳಿಗೇ ಗೊತ್ತಿಲ್ಲ. ಮಾರನೇ ದಿನ ಮತ್ತೆ ಫೋನು. "ಮಲಗಿದ್ದಾರೆ." ಮೂರನೇ ಸಲ, "ಊರಿಗೆ ಹೋಗಿದ್ದಾರೆ." ಗೋಡೆಯ ಆಚೆ ಪಕ್ಕದ ಮನೆಯವಳು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿರುತ್ತಾಳೆ. ಅವರಿಬ್ಬರಿಗೂ ಎಂಟು ವರ್ಷದಿಂದ ಮಾತಿಲ್ಲ. ಬೇಲಿಯ ಜಗಳ. ನಾಲ್ಕನೇ ಸಲ ಫೋನ್ ರಿಂಗ್ ಆದಾಗ ಪಕ್ಕದ ಮನೆಯವಳು ಒಳಗೆ ಬಂದು, ಏನೂ ಮಾತಾಡದೆ ಮೊರದ ಇನ್ನೊಂದು ಕಡೆ ಕೂತು ಅಕ್ಕಿ ಆರಿಸಲು ಶುರು ಮಾಡುತ್ತಾಳೆ. ಫೋನ್ ರಿಂಗ್ ಆಗುತ್ತಲೇ ಇರುತ್ತದೆ. ಈಕೆ ಎತ್ತಿಕೊಂಡು, ಮೊದಲ ಸಲ, ನಿಜ ಹೇಳುತ್ತಾಳೆ.

ಹೆಂಡತಿಯ ಪಾತ್ರ ಅಂಗನವಾಡಿ ಅಕ್ಕನದು. ಮೂಡಿಗೆರೆ ಕಡೆಯ ಒಂದು ಊರಿನಲ್ಲಿ ತಗಡಿನ ಶೆಡ್ಡಿನ ಕೆಳಗೆ ಆಡುತ್ತಿದ್ದೆವು. ಎರಡನೇ ಫೋನು ಬರುವ ಹೊತ್ತಿಗೆ ಗುಡುಗಿ ಮಳೆ ಸುರಿಯಿತು. ಬೇಸಿಗೆ ಮಳೆ, ನಿಮಗೆ ಗೊತ್ತಲ್ಲ. ತಗಡಿನ ಮೇಲೆ ಆ ಸದ್ದಿಗೆ ಒಂದು ಮಾತೂ ಕೇಳುವುದಿಲ್ಲ. ನಾನು ಪಕ್ಕದಲ್ಲಿ ನಿಂತು ನಿಲ್ಲಿಸಿ ಅಂತ ಕೈ ಮಾಡಿದೆ. ಅಕ್ಕ ನನ್ನ ಕಡೆ ನೋಡಲೇ ಇಲ್ಲ. ಅಕ್ಕಿ ಆರಿಸುತ್ತಾ ಕೂತರು. ಒಂದು ಕಲ್ಲು ಸಿಕ್ಕರೆ ಬೆರಳಿನಿಂದ ಆಚೆ ಎಸೆಯುವುದು, ಮೊರವನ್ನು ಮೆಲ್ಲಗೆ ತಟ್ಟುವುದು, ಮತ್ತೆ ಹುಡುಕುವುದು. ಇಪ್ಪತ್ತು ನಿಮಿಷ. ಜನ ಎದ್ದು ಹೋಗಲಿಲ್ಲ. ಹಿಂದೆ ನಿಂತಿದ್ದವರು ಮುಂದೆ ಬಂದು ಕೂತರು. ನಾನು ಬರೆದ ಯಾವ ಮಾತಿಗೂ ಆ ಇಪ್ಪತ್ತು ನಿಮಿಷದ ಬಲ ಇಲ್ಲ. ಮಳೆ ನಿಂತ ಮೇಲೆ ಎರಡು ಪುಟ ಮಾತು ತೆಗೆದುಹಾಕಿದೆ. ಈಗ ಮಳೆ ಇಲ್ಲದಿದ್ದರೂ ಅಕ್ಕ ಅಲ್ಲಿ ಅಷ್ಟು ಹೊತ್ತು ಸುಮ್ಮನೆ ಅಕ್ಕಿ ಆರಿಸುತ್ತಾರೆ.

ಅದೇ ನಾಟಕದ ಮೊದಲ ದೃಶ್ಯದಲ್ಲಿ ನಡುಮನೆಯಲ್ಲಿ ಹೆಣ ಮಲಗಿಸಿರುತ್ತೇವೆ. ಹೆಣವಾಗುವುದು ನಮ್ಮ ಕಂಡಕ್ಟರ್ ಅಣ್ಣ. ಸುಲಭದ ಪಾತ್ರ ಅಂದುಕೊಳ್ಳಬೇಡಿ. ಎದೆ ಏರಬಾರದು, ರೆಪ್ಪೆ ಅದುರಬಾರದು, ನೊಣ ಕೂತರೂ ತಡೆದುಕೊಳ್ಳಬೇಕು. ಅದೇ ಊರಿನಲ್ಲಿ ಐದಾರು ವರ್ಷದ ಹುಡುಗಿಯೊಬ್ಬಳು ಜೋರಾಗಿ ಕೂಗಿದಳು: "ಅಮ್ಮಾ, ತಾತ ಉಸಿರಾಡ್ತಾ ಇದೆ!" ಎಲ್ಲರೂ ನಕ್ಕರು. ನಕ್ಕು, ಹಾಗೇ ತಣ್ಣಗಾದರು. ಅವಳ ತಾಯಿ ಮಗುವಿನ ತಲೆಯನ್ನು ಮಡಿಲಿಗೆ ಎಳೆದುಕೊಂಡಳು. ಆ ಮನೆಯಲ್ಲಿ ತಾತ ಹೋಗಿ ಒಂದು ತಿಂಗಳಾಗಿತ್ತಂತೆ.

ನಾಟಕ ಮುಗಿದ ಮೇಲೆ ಕಲಾವಿದರೆಲ್ಲ ಸಾಲಾಗಿ ನಿಂತು ಕೈ ಮುಗಿಯುವುದು ಪದ್ಧತಿ. ಸತ್ತವನ ಪಾತ್ರದವನು ಬರಬೇಕಾ, ಬೇಡವಾ? ಇದರ ಮೇಲೆ ನಮ್ಮಲ್ಲಿ ಎರಡು ದಿನ ವಾದ ಆಗಿತ್ತು. ಬರಬಾರದು ಅಂತ ನಾನೇ ಹಟ ಮಾಡಿದ್ದೆ. ಹೋದವರು ಹೋದರು ಅಂತ ಒಂದೂವರೆ ಗಂಟೆ ಹೇಳಿ ಕೊನೆಗೆ ಎಬ್ಬಿಸಿ ನಿಲ್ಲಿಸಿದರೆ ಹೇಗೆ? ಆವತ್ತು ಅಣ್ಣ ಬರಲಿಲ್ಲ. ಆ ಹುಡುಗಿ ವೇದಿಕೆಯ ಹಿಂದೆ ಬಂದು ಹುಡುಕುತ್ತಿದ್ದಳು. ಅಣ್ಣ ಟೀ ಕುಡಿಯುತ್ತಾ ಕೂತಿದ್ದರು. ಅವರನ್ನು ನೋಡಿ ಮೂರು ಹೆಜ್ಜೆ ದೂರದಲ್ಲೇ ನಿಂತಳು. ಅಣ್ಣ ಕೈ ಚಾಚಿದರು. ಅವಳು ಆ ಬೆರಳನ್ನು ಒಮ್ಮೆ ಮುಟ್ಟಿ ಓಡಿಹೋದಳು. ಮಾರನೇ ದಿನದಿಂದ ಅಣ್ಣನೂ ಸಾಲಿನಲ್ಲಿ ನಿಲ್ಲುತ್ತಾರೆ. ನನ್ನ ಅಜ್ಜಿಗೆ ಲೋಹಿತಾಶ್ವ ಎದ್ದು ಕೂರುವುದು ಯಾಕೆ ಬೇಕಿತ್ತು ಅಂತ ನನಗೆ ಆ ದಿನ ಗೊತ್ತಾಯಿತು.

ಸಾವಿನ ಮಾತು ನಮ್ಮ ಜಿಲ್ಲೆಗೆ ಹೊಸದಲ್ಲ. ಶ್ರವಣಬೆಳಗೊಳದಲ್ಲಿ ಗೊಮ್ಮಟನನ್ನು ನೋಡಲು ದೊಡ್ಡಬೆಟ್ಟ ಹತ್ತುತ್ತೇವೆ. ಎದುರಿಗಿನ ಚಿಕ್ಕಬೆಟ್ಟಕ್ಕೆ ಹೋಗುವವರು ಕಮ್ಮಿ. ಅಲ್ಲಿ ಬಂಡೆಯ ಮೇಲೆಲ್ಲ ಉಪವಾಸ ಮಾಡಿ ದೇಹ ಬಿಟ್ಟವರ ಶಾಸನಗಳಿವೆ. ಒಂದು ನಂದಿಸೇನ ಅನ್ನುವ ಮುನಿಯದು, ಸುಮಾರು 1300 ವರ್ಷ ಹಳೆಯದು. ಚೆಲುವು, ಹಣ, ವೈಭವ ಎಲ್ಲ ಕಾಮನಬಿಲ್ಲಿನ ಹಾಗೆ, ಮಿಂಚಿನ ಹಾಗೆ, ಮಂಜಿನ ಹಾಗೆ ಕಾಣಿಸಿ ಬೇಗ ಕರಗುತ್ತವೆ ಅಂತ ಹಳೆಗನ್ನಡದಲ್ಲಿ ಬರೆದಿದ್ದಾರೆ. ಕಾಲೇಜಿನ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿ ಬಂಡೆಯ ಪಕ್ಕ ಕೂರಿಸಿ ಓದಿಸಿದೆ.

ನಮ್ಮ ಎರಡನೇ ನಾಟಕ ಮಾತ್ರ ಹಳೇಬೀಡಿನದು. ಹೊಯ್ಸಳೇಶ್ವರ ದೇವಸ್ಥಾನದ ಹತ್ತಿರ ಒಂದು ಕಂಬ ಇದೆ. ಜಾಸ್ತಿ ಜನ ಅದನ್ನು ಗಮನಿಸುವುದಿಲ್ಲ. ವೀರಬಲ್ಲಾಳ 1220ರಲ್ಲಿ ತೀರಿಕೊಂಡಾಗ ಅವನ ಅಂಗರಕ್ಷಕ ಕುವರ ಲಕ್ಷ್ಮ ಪ್ರಾಣ ಕೊಟ್ಟ. ದೊರೆಯ ಜೊತೆಗೇ ಸಾಯುತ್ತೇವೆ ಅಂತ ಆಣೆ ಮಾಡಿದವರನ್ನು ಗರುಡರು ಅನ್ನುತ್ತಿದ್ದರು. ಕತ್ತಿ ಹಿಡಿದು ತಮ್ಮನ್ನೇ ಬಲಿ ಕೊಡುವ ವೀರರನ್ನು ಆ ಕಂಬದಲ್ಲಿ ಕೆತ್ತಿದ್ದಾರೆ. ಅವನ ಹೆಂಡತಿಯೂ ಜೊತೆಗೆ ಸತ್ತಳು ಅಂತ ಶಾಸನ ಹೇಳುತ್ತದೆ. ಆಣೆ ಅವನದು. ಅವಳನ್ನು ಯಾರಾದರೂ ಕೇಳಿದರಾ? ಈ ಪ್ರಶ್ನೆ ಎತ್ತಿದವಳು ಹತ್ತೊಂಬತ್ತು ವರ್ಷದ ವಿದ್ಯಾರ್ಥಿನಿ. ಅವಳೇ ಬರೆದಳು, ಅವಳೇ ಆಡುತ್ತಾಳೆ. ಕೊನೆಯ ರಾತ್ರಿ ಆ ಹೆಂಗಸು ಅಡುಗೆ ಮನೆಯಲ್ಲಿ ಪಾತ್ರೆ ಬೋರಲು ಹಾಕುತ್ತಾ ಗಂಡನ ಜೊತೆ ಮಾತಾಡುತ್ತಾಳೆ, ಅಷ್ಟೇ. ನಂಟು ಅಂದರೆ ಒಳ್ಳೆಯದೇ ಅಂತ ನಾವು ಸಲೀಸಾಗಿ ಹೇಳಿಬಿಡುತ್ತೇವೆ. ಕೆಲವು ನಂಟು ಕೊರಳಿಗೆ ಸುತ್ತಿಕೊಳ್ಳುತ್ತದೆ. ಅದನ್ನು ಅವಳು ನನಗಿಂತ ಚೆನ್ನಾಗಿ ಕಂಡಿದ್ದಾಳೆ.

ಮೂರನೆಯದು ಅರ್ಜುನನದು. ಎಂಟು ಸಲ ದಸರಾ ಅಂಬಾರಿ ಹೊತ್ತ ಆನೆ. 2023ರ ಡಿಸೆಂಬರ್ 4ರಂದು ನಮ್ಮ ಸಕಲೇಶಪುರ ತಾಲ್ಲೂಕಿನ ಯಸಳೂರು ಕಡೆ, ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ ಸತ್ತಿತು. ಈ ಭಾಗದಲ್ಲಿ ಆನೆ ತುಳಿತಕ್ಕೆ ಮನೆಯವರನ್ನು ಕಳೆದುಕೊಂಡವರೂ ಇದ್ದಾರೆ. ಅಂಥವರ ಮುಂದೆ ಆನೆಗಾಗಿ ಅಳುವ ನಾಟಕ ಆಡುವುದು ಹೇಗೆ ಅಂತ ನಮಗೆ ಭಯ ಇತ್ತು. ರಂಗದ ಮೇಲೆ ಆನೆ ಇಲ್ಲ. ಒಂದು ಸರಪಳಿ, ಒಂದು ಬಕೆಟ್ಟು, ಒಂದಿಷ್ಟು ಭತ್ತದ ಹುಲ್ಲು. ಮಾವುತ ಹುಲ್ಲಿನಲ್ಲಿ ಭತ್ತ, ಬೆಲ್ಲ, ಕಾಯಿ ಇಟ್ಟು ಕುಸುರೆ ಕಟ್ಟುತ್ತಾನೆ. ಕಟ್ಟಿ, ಮೇಲಕ್ಕೆ ಎತ್ತಿ ಹಿಡಿಯುತ್ತಾನೆ. ತೆಗೆದುಕೊಳ್ಳುವ ಸೊಂಡಿಲು ಬರುವುದಿಲ್ಲ. ಇಳಿಸಿ ಇನ್ನೊಂದು ಕಟ್ಟುತ್ತಾನೆ. ಆಲೂರು ಕಡೆ ಆಡಿದಾಗ, ಆನೆಯಿಂದ ತಮ್ಮನನ್ನು ಕಳೆದುಕೊಂಡ ಒಬ್ಬರು ಮುಂದಿನ ಸಾಲಿನಲ್ಲೇ ಇದ್ದರು. ಮುಗಿದ ಮೇಲೆ ನಮ್ಮ ಹತ್ತಿರ ಬಂದು, ಬಿಚ್ಚಿಹೋಗಿದ್ದ ಒಂದು ಕುಸುರೆಯನ್ನು ಕೈಗೆ ತೆಗೆದುಕೊಂಡು, "ಕಟ್ಟು ಸಡಿಲ ಆಗಿದೆ, ಹುಲ್ಲನ್ನ ನೆನೆಸಿ ಕಟ್ಟಿ" ಅಂತ ಹೇಳಿಕೊಟ್ಟು ಹೋದರು.

ಇನ್ನೊಂದು ವಿಷಯ ಹೇಳಬೇಕು. ಮೊದಲ ನಾಟಕದಲ್ಲಿ ಗೋಡೆಯ ಮೊಳೆಗೆ ಸತ್ತವರ ಅಂಗಿ ನೇತು ಹಾಕಿರುತ್ತೇವೆ. ಹಾಸನದ ಸಂತೆಯಲ್ಲಿ ತಂದ ಒಂದು ಹಳೇ ಅಂಗಿ ಇತ್ತು. ಲೈನ್ ಮನೆಯ ಅಮ್ಮ ಒಬ್ಬರು ದಿನಾ ತಾಲೀಮು ನೋಡಲು ಬರುತ್ತಿದ್ದರು. ಒಂದು ಸಂಜೆ ಪೇಪರಿನಲ್ಲಿ ಸುತ್ತಿದ ಪೊಟ್ಟಣ ತಂದು ನನ್ನ ಕೈಗಿಟ್ಟರು. ಒಳಗೆ ನೀಲಿ ಗೆರೆಯ ಒಂದು ಅಂಗಿ. ಜೇಬಿನ ಹತ್ತಿರ ಕಾಫಿ ಹಣ್ಣಿನ ಕಲೆ, ಕೆಳಗಿನ ಗುಂಡಿ ಒಂದು ಇಲ್ಲ.

"ಅದು ಸುಳ್ಳು ಅಂಗಿ ಮೇಷ್ಟ್ರೇ, ನೋಡಿದ್ರೆ ಗೊತ್ತಾಗುತ್ತೆ. ಇದನ್ನ ಹಾಕಿ. ರಜೆ ಮುಗಿದ ಮೇಲೆ ವಾಪಸ್ ಕೊಡಿ. ಒಗೀಬೇಡಿ."

ಪ್ರದರ್ಶನದ ದಿನ ಅಂಗನವಾಡಿ ಅಕ್ಕನೇ ಅದನ್ನು ಪೆಟ್ಟಿಗೆಯಿಂದ ತೆಗೆದು ಮೊಳೆಗೆ ಹಾಕುತ್ತಾರೆ, ಅವರೇ ಇಳಿಸಿ ಅದೇ ಪೇಪರಿನಲ್ಲಿ ಸುತ್ತಿಡುತ್ತಾರೆ. ಗುಂಡಿ ಹೊಲಿಯೋಣವಾ ಅಂತ ಕಾಲೇಜಿನ ಹುಡುಗ ಒಬ್ಬ ಸೂಜಿ ದಾರ ತಂದಿದ್ದ. ಬೇಡ ಅಂದೆವು. ಶಾಲೆ ಶುರುವಾಗುವ ಮೊದಲು ಅದನ್ನು ಅವರ ಮನೆಗೆ ತಲುಪಿಸಬೇಕು.

ನಮಸ್ಕಾರ.