ಗದ್ದುಗೆ ಹೊತ್ತ ಸಿಂಹ

ಕೇಳುಗರೇ, ನಮಸ್ಕಾರ.

ಟಿಬೆಟ್ಟಿನ ಬೆಟ್ಟಗಳಲ್ಲಿ ಸಿಂಹಗಳಿಲ್ಲ. ಆದರೂ ಅಲ್ಲಿಯ ಗುಡಿಗಳಲ್ಲಿ, ಮಠಗಳಲ್ಲಿ ಮರದ ಸಿಂಹಗಳು ಕಾವಲಿಗೆ ಕೂತಿವೆ. ಬಿಳಿ ಮೈ, ಹಸಿರು ಜೂಲು, ತೆರೆದ ಬಾಯಿ. ಅಲ್ಲಿಯವರು ಅದನ್ನು ‘ಗಂಗ್ ಸೆಂಗೆ’ ಅನ್ನುತ್ತಾರೆ, ಅಂದರೆ ಹಿಮಸಿಂಹ. ಬುದ್ಧನನ್ನು ಶಾಕ್ಯಸಿಂಹ ಅಂತ ಕರೆಯುತ್ತೇವೆ ಅಲ್ವಾ? ಆ ಸಿಂಹ ಭಾರತದಿಂದ ಧರ್ಮದ ಜೊತೆಗೇ ಹಿಮಾಲಯ ಹತ್ತಿತು.

ಲಾಸಾದ ಜೋಖಾಂಗ್ ಗುಡಿ ಶುರುವಾದದ್ದು 7ನೇ ಶತಮಾನದಲ್ಲಿ, ರಾಜ ಸೊಂಗ್‌ಟ್ಸೆನ್ ಗಂಪೊ ಕಾಲದಲ್ಲಿ. ಅಲ್ಲಿ ಸೂರಿನ ಕೆಳಗೆ, ತೊಲೆಗಳ ತುದಿಯಲ್ಲಿ ಸಾಲಾಗಿ ಸಿಂಹಗಳನ್ನು ಕೆತ್ತಿದ್ದಾರೆ. ಅವುಗಳ ಮೂಗು ಚಪ್ಪಟೆ. ಅದಕ್ಕೊಂದು ಕಥೆ ಇದೆ. ರಾಜನೇ ಬಾಗಿಲು ಹಾಕಿಕೊಂಡು ಮರಗೆಲಸ ಮಾಡುತ್ತಿದ್ದನಂತೆ. ಯಾರೋ ಇಣುಕಿದರು. ಅವನು ತಿರುಗಿ ನೋಡಿದ, ಕೈಯಲ್ಲಿದ್ದ ಕೊಡಲಿ ಜಾರಿತು, ಸಿಂಹಗಳ ಮೂಗು ಹಾರಿಹೋಯಿತು! ನನಗೆ ಈ ಕಥೆ ತುಂಬ ಇಷ್ಟ. ರಾಜನನ್ನೂ ಬಡಗಿಯಾಗಿ ನೋಡುವ ಜನ ಅವರು.

ಬುದ್ಧನ ಗದ್ದುಗೆಯ ಕೆಳಗೂ ಸಿಂಹಗಳಿರುತ್ತವೆ. ಮುಂಗಾಲು ಮೇಲೆತ್ತಿ ಗದ್ದುಗೆ ಹೊತ್ತು ನಿಂತಿರುತ್ತವೆ. ಹಳೆಯ ಸಾಮಾನಿನ ಅಂಗಡಿಯಲ್ಲಿ ಇಂಥದ್ದೊಂದು ಒಂಟಿಯಾಗಿ ಕಂಡರೆ ಸುಮ್ನೆ ಮುಖ ನೋಡಿ ಬರಬೇಡಿ. ನೆತ್ತಿ ನೋಡಿ, ಬೆನ್ನ ಹಿಂಭಾಗ ನೋಡಿ. ಚಪ್ಪಟೆಯಾಗಿ ಕಡಿದ ಜಾಗ, ಕಚ್ಚು ಕೂರಿಸುವ ತೂತು ಇದ್ದರೆ ಅದು ಏನನ್ನೋ ಹೊತ್ತಿತ್ತು ಅಂತ ಅರ್ಥ. ಬಣ್ಣ ಚಕ್ಕೆ ಎದ್ದ ಕಡೆ ಸೀಮೆಸುಣ್ಣದ ಪುಡಿಗೆ ಅಂಟು ಕಲಸಿ ಬಳಿದ ಬಿಳಿ ಪದರ ಕಾಣುತ್ತದೆ. ಅದರ ಮೇಲಿನ ಹಸಿರು, ನೀಲಿ ಎರಡೂ ಕಲ್ಲು ಅರೆದು ಮಾಡಿದ ಬಣ್ಣ. ಎಲ್ಲದರ ಮೇಲೆ ಬೆಣ್ಣೆದೀಪದ ಮಸಿ.

1966ರಲ್ಲಿ ಶುರುವಾದ ಚೀನಾದ ಸಾಂಸ್ಕೃತಿಕ ಕ್ರಾಂತಿಯಲ್ಲಿ ಎಷ್ಟೋ ಮಠಗಳು ನೆಲಸಮವಾದವು. ಇಂಥ ತುಂಡುಗಳು ಚದುರಿಹೋದವು. ಅದಕ್ಕೇ ಮಾರುವವರು ‘ಪುರಾತನ ಕಾವಲು ಪ್ರಾಣಿ’ ಅಂತಷ್ಟೇ ಚೀಟಿ ಅಂಟಿಸಿದರೆ ನನಗೆ ಸಂಕಟವಾಗುತ್ತದೆ. ಯಾವ ಊರಿನದು, ಯಾವ ಗುಡಿಯದು ಅಂತ ಮೊದಲು ಕೇಳಬೇಕು. ಬೆಲೆ ಆಮೇಲೆ.

ಕೆಲಸವಂತೂ ನಿಂತಿಲ್ಲ. ಹಿಮಾಚಲದ ಧರ್ಮಶಾಲಾ ಊರಿನ ಹತ್ತಿರ, ಟಿಬೆಟ್ಟಿನವರ ನೊರ್ಬುಲಿಂಗ್ಕಾ ಸಂಸ್ಥೆಯಲ್ಲಿ ಇವತ್ತಿಗೂ ಮರದ ಕೆತ್ತನೆ ಕಲಿಸುತ್ತಾರೆ. ನಮ್ಮ ಬೈಲಕುಪ್ಪೆಗೆ ಹೋದಾಗ ಟಿಬೆಟ್ಟಿನ ಬಾವುಟವನ್ನು ಗಮನಿಸಿ. ಹಿಮಬೆಟ್ಟದ ಮುಂದೆ ಎದುರುಬದುರಾಗಿ ನಿಂತಿರುವುದು ಇದೇ ಹಸಿರು ಜೂಲಿನ ಜೋಡಿ ಸಿಂಹ.

ನಮಸ್ಕಾರ.