ಮನೆಯಲ್ಲಿ ಕಟ್ಟಿದ ವಿಮಾನಕ್ಕೆ ಕಾಲು ಹುಡುಕುವುದು

ಕೇಳುಗರಿಗೆ ನಮಸ್ಕಾರ.

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಆಷ್‌ಕಾಷ್ ಅಂತ ಒಂದು ಊರಿದೆ. 1953ರಲ್ಲಿ ಪಾಲ್ ಪೊಬೆರೆಜ್ನಿ ಕಟ್ಟಿದ ಎಕ್ಸ್‌ಪರಿಮೆಂಟಲ್ ಏರ್‌ಕ್ರಾಫ್ಟ್ ಅಸೋಸಿಯೇಷನ್ 1970ರಿಂದ ಅಲ್ಲಿ ಬೇಸಿಗೆಯ ವಿಮಾನ ಜಾತ್ರೆ ನಡೆಸುತ್ತಿದೆ. ಮನೆಯ ಗ್ಯಾರೇಜಿನಲ್ಲಿ ವಿಮಾನ ಕಟ್ಟಿದವರು ಅದರಲ್ಲೇ ಹಾರಿಕೊಂಡು ಆ ಜಾತ್ರೆಗೆ ಬರುತ್ತಾರೆ. ವಿಮಾನದ ಅರ್ಧಕ್ಕಿಂತ ಹೆಚ್ಚು ಕೆಲಸವನ್ನು ಹವ್ಯಾಸಿಗಳೇ ಮಾಡಿರಬೇಕು ಎನ್ನುವುದು ಅಲ್ಲಿನ ಕಾನೂನು. ಆದರೆ ಅದರಲ್ಲಿ ಹಾಕುವ ಪ್ರತಿಯೊಂದು ಬಿಡಿಭಾಗಕ್ಕೂ ಸರ್ಕಾರದ ಪ್ರಮಾಣಪತ್ರ ಇರಲೇಬೇಕೆಂದಿಲ್ಲ. ಯಾವ ಭಾಗ ಒಳ್ಳೆಯದು, ಯಾವುದು ಬೇಡ ಎಂದು ಕಟ್ಟುವವರೇ ತೀರ್ಮಾನಿಸಬೇಕು. ಆ ಹೊಣೆ ಎಲ್ಲಕ್ಕಿಂತ ಭಾರವಾಗುವುದು ನೆಲ ಮುಟ್ಟುವಾಗಿನ ಪೆಟ್ಟು ತಡೆಯುವ ಶಾಕ್ ಅಬ್ಸಾರ್ಬರ್ ಕೊಳ್ಳುವಾಗ.

ಪೆಟ್ಟು ಎಷ್ಟಿರುತ್ತದೆ? ಐನೂರು ಕಿಲೋ ತೂಕದ ವಿಮಾನ ಸೆಕೆಂಡಿಗೆ ಎರಡು ಮೀಟರ್ ವೇಗದಲ್ಲಿ ಕೆಳಗಿಳಿಯುತ್ತಿದೆ ಎನ್ನಿ. ರೆಕ್ಕೆಗಳು ಇನ್ನೂ ಅದರ ತೂಕ ಹೊತ್ತಿವೆ. ಚಕ್ರ ಹೊತ್ತ ಕಾಲು ಇಪ್ಪತ್ತು ಸೆಂಟಿಮೀಟರ್ ಕುಗ್ಗಿ ಆ ಇಳಿತವನ್ನು ನಿಲ್ಲಿಸಿದರೆ ಅದರ ಮೇಲೆ ಬೀಳುವ ಸರಾಸರಿ ಬಲ ಹೆಚ್ಚುಕಡಿಮೆ ವಿಮಾನದ ತೂಕದಷ್ಟು. ಬರೀ ಐದು ಸೆಂಟಿಮೀಟರ್ ಕುಗ್ಗಿದರೆ ಅದರ ನಾಲ್ಕರಷ್ಟು. ಅಷ್ಟು ಬಲ ನೇರವಾಗಿ ಮೈಕಟ್ಟಿನ ಕೊಳವೆಗಳಿಗೂ ಬೆಸುಗೆಗಳಿಗೂ ಹೋಗುತ್ತದೆ.

ಇದಕ್ಕೆ ಹಳೆಯ ದಾರಿ ಬಂಜಿ ಹಗ್ಗ. ಪೈಪರ್ ಕಬ್ ಎಂಬ ಹಳದಿ ವಿಮಾನದ ಕಾಲಿಗೆ ಇರುವುದು ಅದೇ: ರಬ್ಬರಿನ ನೂರಾರು ಎಳೆಗಳನ್ನು ಬಟ್ಟೆಯ ಹೊದಿಕೆಯೊಳಗೆ ಬಿಗಿದ ಉಂಗುರ. ಅಗ್ಗ, ಹಗುರ, ಬದಲಿಸುವುದೂ ಸಾಧ್ಯ. ಆದರೆ ರಬ್ಬರು ಬಿಸಿಲಿಗೆ, ಗಾಳಿಯ ಓಝೋನಿಗೆ, ಚೆಲ್ಲಿದ ಎಣ್ಣೆಗೆ ಸಾಯುತ್ತದೆ. ಬಳಸದೆ ಕಪಾಟಿನಲ್ಲಿ ಇಟ್ಟರೂ ಅದಕ್ಕೆ ವಯಸ್ಸಾಗುತ್ತದೆ. ಆದ್ದರಿಂದ ಹೊದಿಕೆಯಲ್ಲಿ ಬಣ್ಣದ ಎಳೆಗಳನ್ನು ನೇಯ್ದಿರುತ್ತಾರೆ. ಒಂದು ಬಣ್ಣ ತಯಾರಾದ ವರ್ಷ ಹೇಳುತ್ತದೆ, ಇನ್ನೊಂದು ಆ ವರ್ಷದ ಯಾವ ಮೂರು ತಿಂಗಳು ಎನ್ನುವುದನ್ನು. ಇಲ್ಲಿ ಎಚ್ಚರ ಬೇಕು. ವರ್ಷದ ಬಣ್ಣಗಳು ಐದೇ ಐದು, ಐದು ವರ್ಷಕ್ಕೊಮ್ಮೆ ಅವೇ ತಿರುಗಿ ಬರುತ್ತವೆ. ಹೊಸ ಉಂಗುರವೂ ಐದು ವರ್ಷ ಹಳೆಯ ಉಂಗುರವೂ ಎಳೆ ನೋಡಿದರೆ ಒಂದೇ. ಹಾಗಾಗಿ ಮಾರುವವರ ಬಿಲ್ಲಿನ ಮೇಲೆ ತಾರೀಖು ಬರೆಸಿಕೊಳ್ಳದೆ ದುಡ್ಡು ಕೊಡಬೇಡಿ.

ಎರಡನೆಯ ದಾರಿ ಸ್ಪ್ರಿಂಗ್ ಉಕ್ಕಿನ ಕಾಲು. ಆಷ್‌ಕಾಷಿನ ಸ್ಟೀವ್ ವಿಟ್ಮನ್ ತಮ್ಮ ರೇಸ್ ವಿಮಾನಗಳಿಗಾಗಿ ರೂಪಿಸಿದ್ದನ್ನು ಸೆಸ್ನಾ ಕಂಪನಿ ಹಕ್ಕು ಪಡೆದು ತನ್ನ ವಿಮಾನಗಳಿಗೆ ಹಾಕಿತು. ನಮ್ಮ ಬೆಂಗಳೂರಿನ ವಿಮಾನ ಸಂಶೋಧನಾ ಸಂಸ್ಥೆ ಎನ್ಎಎಲ್‌ನ ವಿಜ್ಞಾನಿಗಳು ಅಮೆರಿಕದ ವಿಮಾನ ವಿನ್ಯಾಸಕ ಬರ್ಟ್ ರುಟಾನ್ ಅವರ ಲಾಂಗ್-ಈಝಿ ವಿನ್ಯಾಸವನ್ನು ಆಧರಿಸಿ ಕಟ್ಟಿದ ವಿಮಾನ 1987ರಲ್ಲಿ ಹಾರಿತು. ಲಾಂಗ್-ಈಝಿಯ ಹಿಂಗಾಲೂ ಸ್ಪ್ರಿಂಗೇ, ಆದರೆ ಉಕ್ಕಿನದಲ್ಲ, ಬಿಲ್ಲಿನಂತೆ ಬಾಗಿದ ಗಾಜಿನ ನಾರಿನ ಒಂದೇ ತುಂಡು. ಇಂಥ ಕಾಲುಗಳಲ್ಲಿ ಸೋರುವುದಕ್ಕೆ ಏನೂ ಇಲ್ಲ. ಆದರೆ ನುಂಗಿದ ಶಕ್ತಿಯ ಹೆಚ್ಚಿನ ಪಾಲನ್ನು ಮತ್ತೆ ಹೊರಗೆ ತಳ್ಳುತ್ತವೆ, ವಿಮಾನ ಪುಟಿಯುತ್ತದೆ.

ಪುಟಿಯದಂತೆ ಶಕ್ತಿಯನ್ನು ಶಾಖವಾಗಿ ಕರಗಿಸುವುದು ಓಲಿಯೋ. ಒಂದು ಕೊಳವೆಯೊಳಗೆ ಇನ್ನೊಂದು ಕೊಳವೆ, ಅದರಲ್ಲಿ ಎಣ್ಣೆ, ಮೇಲೆ ಒತ್ತಡದ ನೈಟ್ರೋಜನ್. ಕಾಲು ಕುಗ್ಗಿದಾಗ ಎಣ್ಣೆ ಸಣ್ಣ ರಂಧ್ರದಲ್ಲಿ ಹಾಯ್ದು ಬಿಸಿಯಾಗುತ್ತದೆ. ಬೈಕಿನ ಮುಂದಿನ ಫೋರ್ಕಿನ ಆಯಿಲ್ ಸೀಲ್ ಹೋಗಿ ಎಣ್ಣೆ ಇಳಿದಿದ್ದನ್ನು ನೀವು ನೋಡಿರುತ್ತೀರಿ. ಇಲ್ಲಿಯೂ ಮೊದಲು ಸೋಲುವುದು ಸೀಲೇ.

ಹೊಸ ಓಲಿಯೋ ಬಲು ದುಬಾರಿ. ಕಟ್ಟುವವರು ಅಪಘಾತವಾದ ಹಳೆಯ ವಿಮಾನಗಳ ಗುಜರಿಯಲ್ಲಿ ಹುಡುಕುತ್ತಾರೆ. ಹುಡುಕಲಿ, ತಪ್ಪಿಲ್ಲ. ಆದರೆ ಆ ವಿಮಾನ ಗುಜರಿಗೆ ಬಂದದ್ದು ಯಾಕೆ ಎಂದು ಕೇಳಲೇಬೇಕು. ಬಿರುಗಾಳಿಗೆ ಹ್ಯಾಂಗರ್ ಕುಸಿದು ಹಾಳಾದ ವಿಮಾನದ ಕಾಲು ಬೇರೆ, ಜೋರಾಗಿ ನೆಲಕ್ಕೆ ಬಡಿದ ವಿಮಾನದ ಕಾಲು ಬೇರೆ. ಕಣ್ಣಿಗೆ ಕಾಣದ ಬಿರುಕು ಉಕ್ಕಿನಲ್ಲಿದ್ದರೆ ಕಾಂತೀಯ ಪುಡಿಯ ಪರೀಕ್ಷೆ, ಅಲ್ಯೂಮಿನಿಯಂನಲ್ಲಿದ್ದರೆ ಬಣ್ಣದ ದ್ರವದ ಪರೀಕ್ಷೆ ಅದನ್ನು ತೋರಿಸುತ್ತದೆ. ಒಳಗಿನ ಕೊಳವೆಯ ಕ್ರೋಮ್ ಮೇಲೆ ತುಕ್ಕಿನ ಗುಳಿ ಬಿದ್ದಿದ್ದರೆ ಬೆರಳುಗುರಿಗೆ ಸಿಗುತ್ತದೆ. ಅಂಥ ಕೊಳವೆ ಹೊಸ ಸೀಲನ್ನೂ ಕೊಯ್ದುಹಾಕುತ್ತದೆ.

ನನಗೆ ಅತಿ ಮುಖ್ಯ ಅನಿಸುವುದು ಸೀಲಿನ ಓ-ರಿಂಗ್. ಅಳತೆ ಹಿಡಿದು ಯಾವ ಅಂಗಡಿಯಲ್ಲಾದರೂ ಅಂಥದ್ದೊಂದು ಉಂಗುರ ಕೊಳ್ಳಬಹುದು, ಕಪ್ಪಗೆ ಎಲ್ಲವೂ ಒಂದೇ ರೀತಿ ಕಾಣುತ್ತವೆ. ಆದರೆ ಸಣ್ಣ ವಿಮಾನಗಳ ಓಲಿಯೋದಲ್ಲಿ ಸಾಮಾನ್ಯವಾಗಿ ಇರುವುದು ಕೆಂಪು ಖನಿಜ ಎಣ್ಣೆ. ಅದಕ್ಕೆ ಬೇಕಾದದ್ದು ನೈಟ್ರೈಲ್ ರಬ್ಬರು. ದೊಡ್ಡ ಜೆಟ್ ವಿಮಾನಗಳ ಹೈಡ್ರಾಲಿಕ್ಸ್‌ಗೆ ಬಳಸುವ ಸ್ಕೈಡ್ರಾಲ್ ಎಂಬ ನೇರಳೆ ದ್ರವ ನೈಟ್ರೈಲನ್ನು ತಿಂದುಹಾಕುತ್ತದೆ. ಸ್ಕೈಡ್ರಾಲಿಗೆ ಹೊಂದುವ ಇಪಿಡಿಎಂ ರಬ್ಬರು ಖನಿಜ ಎಣ್ಣೆಯಲ್ಲಿ ಊದಿಕೊಳ್ಳುತ್ತದೆ. ಆದ್ದರಿಂದ ಅಳತೆಯ ಜೊತೆಗೆ ಭಾಗದ ಸಂಖ್ಯೆ, ರಬ್ಬರಿನ ಜಾತಿ, ತಯಾರಾದ ತಾರೀಖು ಅಚ್ಚಾದ ಮುಚ್ಚಿದ ಪೊಟ್ಟಣವನ್ನೇ ಕೇಳಿ. ಒಂದು ಉಂಗುರಕ್ಕೆ ಹೆಚ್ಚು ಖರ್ಚಿಲ್ಲ, ಅದರಲ್ಲಿ ಉಳಿತಾಯ ನೋಡಬೇಡಿ. ನೈಟ್ರೋಜನ್ ತುಂಬುವ ವಾಲ್ವಿನ ವಿಷಯವೂ ಅಷ್ಟೆ. ನೋಟಕ್ಕೆ ಟೈರಿನ ವಾಲ್ವಿನಂತೆ ಇದ್ದರೂ ಹೆಚ್ಚಿನ ಒತ್ತಡಕ್ಕೆ ಮಾಡಿದ ವಾಲ್ವೇ ಬೇಕು, ಟೈರಿನದು ಇಲ್ಲಿ ಸಲ್ಲದು.

ಗುಜರಿಯಿಂದ ತಂದ ಓಲಿಯೋ ಬಿಚ್ಚುವ ಮುನ್ನ ಒಳಗಿನ ನೈಟ್ರೋಜನ್ ಪೂರ್ತಿ ಬಿಟ್ಟುಬಿಡಿ. ವರ್ಷಗಟ್ಟಲೆ ಮೂಲೆಯಲ್ಲಿ ಬಿದ್ದಿದ್ದರೂ ಒತ್ತಡ ಉಳಿದಿರಬಹುದು. ಹಾಗೆಯೇ ತಿರುಪು ಬಿಚ್ಚಿದರೆ ಒಳಗಿನ ಭಾಗ ಚಿಮ್ಮಿ ಎದೆಗೆ ಬಡಿಯುತ್ತದೆ. ಮೊದಲು ವಾಲ್ವ್, ಆಮೇಲೆ ಸ್ಪ್ಯಾನರ್.