ಎಲ್ಲಿಗೆ ಅಂತ ಕೇಳಿ

(ಉಡುಪಿಯಲ್ಲಿ ಹಿರಿಯ ನಾಗರಿಕರ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಸಂಘದವರು ನನಗೆ ಕೊಟ್ಟ ವಿಷಯ 'ವಿಮಾನ ಪ್ರಯಾಣದಲ್ಲಿ ಹಿರಿಯರು ವಹಿಸಬೇಕಾದ ಎಚ್ಚರ'. ಕೇಳಿದ ಕೂಡಲೇ ಸ್ವಲ್ಪ ಸಿಟ್ಟೇ ಬಂತು. ಎಚ್ಚರ ಯಾವಾಗಲೂ ಹಿರಿಯರೇ ಯಾಕೆ ವಹಿಸಬೇಕು? ಎಚ್ಚರ ವಹಿಸುವುದಕ್ಕೆ ಅಂತಲೇ ಸಂಬಳ ಪಡೆಯುವವರು ಅಲ್ಲಿ ಸಾಲಾಗಿ ನಿಂತಿರುತ್ತಾರಲ್ಲ. ನಾನೂ ಆ ಸಂಬಳದಲ್ಲೇ ಮಕ್ಕಳನ್ನು ಓದಿಸಿದವನು. ವರ್ಷಗಟ್ಟಲೆ ಏರ್‌ಪೋರ್ಟ್ ಗೇಟುಗಳಲ್ಲಿ ನಿಂತು ಬೋರ್ಡಿಂಗ್ ಪಾಸ್ ನೋಡಿದ್ದೇನೆ. ಹಾಗಾಗಿ ವಿಷಯವನ್ನು ಸ್ವಲ್ಪ ತಿರುಗಿಸಿಕೊಳ್ಳುತ್ತೇನೆ. ಇವತ್ತಿನ ಮಾತು ತಪ್ಪು ವಿಮಾನ ಹತ್ತುವುದರ ಬಗ್ಗೆ.

ನಕ್ಕಿರಿ ಅಲ್ವಾ? ಎಲ್ಲರೂ ನಗುತ್ತಾರೆ. 'ಅಷ್ಟು ಓದಿದವರು, ಅಷ್ಟು ದುಡ್ಡು ಕೊಟ್ಟವರು, ಯಾವ ವಿಮಾನ ಅಂತ ನೋಡಬಾರದಾ' ಅನ್ನುತ್ತಾರೆ. 2023ರ ಜನವರಿ 30ರಂದು ದೆಹಲಿಯಿಂದ ಪಟ್ನಾಕ್ಕೆ ಹೊರಟವರೊಬ್ಬರು ರಾಜಸ್ಥಾನದ ಉದಯಪುರದಲ್ಲಿ ಇಳಿದರು. ಒಂದು ಪೂರ್ವಕ್ಕೆ, ಇನ್ನೊಂದು ಪಶ್ಚಿಮದ ಕಡೆಗೆ. ಇಳಿದ ಮೇಲೆಯೇ ಗೊತ್ತಾದದ್ದು. ವಿಮಾನಯಾನದ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ ಡಿಜಿಸಿಎ ತನಿಖೆ ಮಾಡಿಸಿತು. ಪೇಪರಿನಲ್ಲಿ ಸುದ್ದಿ ಬಂದಾಗ ನನ್ನ ಪರಿಚಯದವರೆಲ್ಲ ಕೇಳಿದ್ದು ಒಂದೇ, 'ಆ ಮನುಷ್ಯನಿಗೆ ಬುದ್ಧಿ ಬೇಡವಾ?' ನಾನು ಕೇಳಿದ್ದು, 'ಅವರನ್ನು ಎಲ್ಲಿಗೆ ಅಂತ ಒಬ್ಬರಾದರೂ ಕೇಳಲಿಲ್ಲವಾ?'

ನಮ್ಮ ಕಡೆ ಒಂದು ನಂಬಿಕೆ ಇದೆ. ಹೊರಟವರನ್ನು ಎಲ್ಲಿಗೆ ಅಂತ ಕೇಳಬಾರದು, ಹೋದ ಕೆಲಸ ಆಗುವುದಿಲ್ಲ. ತೀರಾ ಕೇಳಲೇಬೇಕಾದರೆ 'ದೂರ ಹೊರಟಿರಾ' ಅನ್ನಬೇಕು. ನಮ್ಮ ಮನೆಗಳಲ್ಲಿ ಈಗ ಇದನ್ನು ಯಾರೂ ಪಾಲಿಸುವುದಿಲ್ಲ. ಆದರೆ ಏರ್‌ಪೋರ್ಟಿನವರು ಮಾತ್ರ ಬಹಳ ಶ್ರದ್ಧೆಯಿಂದ ಪಾಲಿಸುತ್ತಾರೆ! ಹೆಸರು ಕೇಳುತ್ತಾರೆ. ಆಧಾರ್ ಕೇಳುತ್ತಾರೆ. ಬ್ಯಾಗಿನಲ್ಲಿ ಪವರ್ ಬ್ಯಾಂಕ್ ಇದೆಯಾ, ಕೊಬ್ಬರಿ ಇದೆಯಾ ಅಂತ ಕೇಳುತ್ತಾರೆ. ಗೇಟಿಗೆ ಬಂದ ಮೇಲೆ ಎಲ್ಲಿಗೆ ಹೋಗುತ್ತೀರಿ ಅಂತ ಬಾಯಿಬಿಟ್ಟು ಕೇಳುವವರು ಅಪರೂಪ.

ನಮ್ಮ ಸರ್ವಿಸ್ ಬಸ್ ಸ್ಟ್ಯಾಂಡಿಗೆ ಹೋಗಿ ನೋಡಿ. ಎಕ್ಸ್‌ಪ್ರೆಸ್ ಬಸ್ಸಿನ ಕಂಡಕ್ಟರ್ 'ಮಂಗ್ಳೂರ್ ಮಂಗ್ಳೂರ್' ಅಂತ ಗಂಟಲು ಹರಿದುಕೊಳ್ಳುತ್ತಿರುತ್ತಾನೆ. ಬಸ್ಸಿಗೆ ಬೋರ್ಡ್ ಇದೆ, ನಾವು ಓದಿದವರೂ ಹೌದು. ಆದರೂ ಮೆಟ್ಟಿಲ ಮೇಲೆ ಕಾಲಿಟ್ಟ ಕೂಡಲೇ ತುಳುವಿನಲ್ಲಿ 'ಓಡೆಗ್?', ಎಲ್ಲಿಗೆ ಅಂತ ಕೇಳುತ್ತಾನೆ. ನಾವು 'ಕುಂದಾಪುರ' ಅಂದರೆ ತೋಳು ಹಿಡಿದು ಕೆಳಗಿಳಿಸಿ, ಆ ಕಡೆಯ ಬಸ್ಸನ್ನು ತೋರಿಸಿ, ಆಮೇಲೆ 'ರೈಟ್ ಪೋಯಿ'. ಅಷ್ಟು ಅಗ್ಗದ, ಅಷ್ಟು ಗಟ್ಟಿಯಾದ ಚೆಕಿಂಗ್ ಕೋಟಿಗಟ್ಟಲೆ ಬೆಲೆಯ ಯಾವ ಟರ್ಮಿನಲ್‌ನಲ್ಲೂ ನಾನು ನೋಡಿಲ್ಲ.

'ಸ್ಕ್ಯಾನರ್ ಇದೆಯಲ್ಲ ಸಾರ್' ಅನ್ನಬಹುದು ನೀವು. ಇದೆ. ಬೋರ್ಡಿಂಗ್ ಪಾಸಿನ ಆ ಚುಕ್ಕಿ ಗೆರೆಗಳ ಚೌಕದಲ್ಲಿ ನಿಮ್ಮ ಹೆಸರು, ಫ್ಲೈಟ್ ನಂಬರ್, ಎಲ್ಲಿಂದ ಎಲ್ಲಿಗೆ, ತಾರೀಕು, ಸೀಟು ಎಲ್ಲ ಇರುತ್ತದೆ. ಬೇರೆ ಫ್ಲೈಟಿನ ಪಾಸ್ ಇಟ್ಟರೆ ಮಿಷನ್ ಒಪ್ಪುವುದಿಲ್ಲ. ಹಾಗಾದರೆ ಜನ ತಪ್ಪು ವಿಮಾನ ಹತ್ತುವುದು ಹೇಗೆ? ಮಿಷನ್ ನೋಡುವುದು ಗೇಟಿನವರೆಗೆ ಮಾತ್ರ. ಏರೋಬ್ರಿಜ್ ಇದ್ದರೆ ಸರಿ, ಆ ಕೊಳವೆಯಲ್ಲಿ ನಡೆದರೆ ಒಂದೇ ವಿಮಾನ ಸಿಗುವುದು. ಆದರೆ ದೊಡ್ಡ ಊರುಗಳಲ್ಲಿ, ವಿಮಾನದವರೆಗೆ ಬಸ್ಸಿನಲ್ಲಿ ಬಿಡುವ ಕೆಳಗಿನ ಮಹಡಿಯ ಬಸ್ ಗೇಟ್ ನೋಡಿದ್ದೀರಿ ಅಲ್ವಾ? ಒಂದೇ ಹಾಲ್, ಪಕ್ಕಪಕ್ಕದಲ್ಲಿ ನಾಲ್ಕೈದು ಬಾಗಿಲು. ಸ್ಕ್ಯಾನ್ ಸರಿಯಾಗಿ ಆಗಿರುತ್ತದೆ, ಹೊರಗೆ ಹತ್ತುವ ಬಸ್ಸು ತಪ್ಪಿರುತ್ತದೆ. ಎಲ್ಲ ಬಸ್ಸೂ ಒಂದೇ ತರ. ಎಲ್ಲಿಗೆ ಅಂತ ಬೋರ್ಡಿಲ್ಲ. ವಿಮಾನದ ಬಾಗಿಲಲ್ಲಿ ನಿಂತ ಹುಡುಗಿ ಪಾಸ್ ನೋಡುತ್ತಾಳೆ ನಿಜ, ಆದರೆ ಅವಳ ಕಣ್ಣು ಹೋಗುವುದು ಸೀಟ್ ನಂಬರಿಗೆ. 'ಫೋರ್ಟೀನ್ ಡಿ, ರೈಟ್ ಸೈಡ್.' ಮುಗಿಯಿತು.

ಈಗ ಒಂದು ಕಥೆ ಹೇಳುತ್ತೇನೆ. ನನ್ನ ಜೊತೆ ಕೆಲಸ ಮಾಡಿದವರು ಯಾರಾದರೂ ಇಲ್ಲಿದ್ದರೆ ಕ್ಷಮಿಸಬೇಕು, ಅವರು ಇದನ್ನು ಎಷ್ಟೋ ಸಲ ಕೇಳಿರುತ್ತಾರೆ.

ನಾನಾಗ ಬೇರೆ ಊರಿನ ದೊಡ್ಡ ಏರ್‌ಪೋರ್ಟಿನಲ್ಲಿದ್ದೆ. ಊರು, ಕಂಪನಿ ಯಾವುದು ಅಂತ ಬೇಡ. ಬೆಳಗಿನ ಜಾವದ ಮಂಗಳೂರು ಫ್ಲೈಟ್. ಗೇಟಿನಲ್ಲಿ ಎಲ್ಲ ಪಾಸೂ ಸ್ಕ್ಯಾನ್ ಆಗಿದೆ, ಕಂಪ್ಯೂಟರಿನಲ್ಲಿ ಎಲ್ಲರೂ ಹತ್ತಿದ್ದಾರೆ. ಆದರೆ ವಿಮಾನದ ಒಳಗಿಂದ ಲೆಕ್ಕ ಬಂತು: ಒಬ್ಬರು ಕಮ್ಮಿ. ತಲೆ ಎಣಿಸುವುದು ಸುಲಭ ಅಂದುಕೊಳ್ಳಬೇಡಿ. ಮಡಿಲ ಮಗುವಿನ ಲೆಕ್ಕವೇ ಬೇರೆ, ಒಬ್ಬರು ಟಾಯ್ಲೆಟ್‌ನಲ್ಲಿರುತ್ತಾರೆ, ಇನ್ನೊಬ್ಬರು ಕಿಟಕಿ ಸೀಟಿಗಾಗಿ ಜಾಗ ಬದಲಿಸುತ್ತಿರುತ್ತಾರೆ. ಮತ್ತೆ ಎಣಿಸಿದರು. ಮತ್ತೆ ಒಂದು ಕಮ್ಮಿ. ಸೀಟ್ ನೋಡಿದರೆ 14ಡಿ ಖಾಲಿ. ಹೆಸರು ನೋಡಿದರೆ ಶೆಟ್ಟಿ. ಮಂಗಳೂರು ಫ್ಲೈಟಿನಲ್ಲಿ 'ಮಿಸೆಸ್ ಶೆಟ್ಟಿ' ಅಂತ ಕೂಗಿದರೆ ಏನಾಗುತ್ತದೆ ಹೇಳಿ? ಅರ್ಧ ವಿಮಾನ ಎದ್ದು ನಿಲ್ಲುತ್ತದೆ!

ಅದೇ ಹೊತ್ತಿಗೆ ಆಚೆ ನಿಂತಿದ್ದ ಕೊಯಮತ್ತೂರು ವಿಮಾನದಲ್ಲಿ ಒಂದು ತಲೆ ಜಾಸ್ತಿ ಬರುತ್ತಿತ್ತು. ಅವರೂ ಎಣಿಸುತ್ತಿದ್ದಾರೆ, ನಾವೂ ಎಣಿಸುತ್ತಿದ್ದೇವೆ. ಒಬ್ಬರಿಗೊಬ್ಬರಿಗೆ ಗೊತ್ತಿಲ್ಲ.

ಆ ವಿಮಾನದ 14ಡಿಯಲ್ಲಿ ಕೂತಿದ್ದವರು ಕಾರ್ಕಳ ಕಡೆಯ ಒಬ್ಬ ಅಮ್ಮ. ಮಗಳ ಮನೆಯಿಂದ ವಾಪಸ್ ಊರಿಗೆ ಹೊರಟವರು. ಅಲ್ಲಿಯೂ ಆ ಸೀಟು ಖಾಲಿಯೇ ಇತ್ತು, ಹಾಗಾಗಿ ಜಗಳಕ್ಕೆ ಯಾರೂ ಬರಲಿಲ್ಲ. ಬಂದಿದ್ದರೆ ಆಗಲೇ ಗೊತ್ತಾಗುತ್ತಿತ್ತು. ಅಮ್ಮ ಬೆಲ್ಟ್ ಹಾಕಿಕೊಂಡು, ಪಕ್ಕದ ಹುಡುಗಿಯ ಹತ್ತಿರ ತುಳುವಿನಲ್ಲಿ 'ಈರ್ ಓಡೆಗ್?' ಅಂತ ಕೇಳಿದರು. ಹುಡುಗಿ ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಸುಮ್ನೆ ನಕ್ಕಳು. ಕನ್ನಡದಲ್ಲಿ ಕೇಳಿದರು. ಮತ್ತೆ ನಗು. ಅಮ್ಮನಿಗೆ ಸಂಶಯ ಶುರುವಾಯಿತು. ಹಿಂದೆ ಕಿವಿ ಕೊಟ್ಟರು, ತಮಿಳು. ಮುಂದೆ ಕಿವಿ ಕೊಟ್ಟರು, ತಮಿಳು. ಮಂಗಳೂರಿಗೆ ಹೋಗುವ ವಿಮಾನದಲ್ಲಿ ತುಳು ಇಲ್ಲ, ಕೊಂಕಣಿ ಇಲ್ಲ, ಬ್ಯಾರಿ ಇಲ್ಲ. ಎಲ್ಲಿಯಾದರೂ ಉಂಟಾ?

ಅವರಿಗೆ ಕರೆಯುವ ಬಟನ್ ಯಾವುದು ಅಂತ ಗೊತ್ತಿರಲಿಲ್ಲ. ಗೊತ್ತಿರಬೇಕಾಗಿಯೂ ಇರಲಿಲ್ಲ. ಎದ್ದು ನಿಂತು, ಮನೆಯ ಅಂಗಳದಿಂದ ಗದ್ದೆಯ ಆ ಬದಿಗೆ ಕರೆಯುವ ದನಿಯಲ್ಲಿ, 'ಮಗಾ, ಇದು ಮಂಗಳೂರಿಗೆ ಹೋಗುದಾ?' ಅಂದರು. ಆ ಏರ್‌ಹೋಸ್ಟೆಸ್‌ಗೆ ಕನ್ನಡ ಬರುವುದಿಲ್ಲ. ಆದರೆ 'ಮಂಗಳೂರು' ಅನ್ನುವ ಒಂದು ಶಬ್ದ ಕಿವಿಗೆ ಬಿತ್ತು. ಸಾಕಾಯಿತು. ಐದು ನಿಮಿಷದಲ್ಲಿ ಜೀಪಿನಲ್ಲಿ ಕೂರಿಸಿಕೊಂಡು ನಮ್ಮ ವಿಮಾನದ ಬುಡಕ್ಕೆ ತಂದು ಬಿಟ್ಟರು. ಮೆಟ್ಟಿಲ ಹತ್ತಿರ ನಾನು ನಿಂತಿದ್ದೆ. 'ಎಂತ ಮಾರಾಯ್ರೇ, ಬಸ್ಸಿಗೊಂದು ಬೋರ್ಡಾದರೂ ಹಾಕಬಾರದಾ?' ಅಂತ ನನಗೇ ಜೋರು ಮಾಡಿದರು. ಒಳಗೆ ಕಾಲಿಟ್ಟರೆ ಯಾರೋ ತುಳುವಿನಲ್ಲಿ 'ಬಲೆ ಬಲೆ, ಕುಲ್ಲುಲೆ', ಬನ್ನಿ ಬನ್ನಿ ಕೂತುಕೊಳ್ಳಿ ಅಂದರು. ಆಮೇಲೆಯೇ ಅವರ ಮುಖ ಸಡಿಲವಾದದ್ದು.

ಇಷ್ಟೆಲ್ಲ ಯಂತ್ರ ಇಟ್ಟುಕೊಂಡ ನಮ್ಮ ಕೈಯಲ್ಲಿ ಆಗದ್ದನ್ನು ಅವರ ಬಾಯಿ ಮಾಡಿತು. ಎಲ್ಲಿಗೆ ಅಂತ ಕೇಳಿದ್ದು ಅವರೊಬ್ಬರೇ.

ಅವರ ಜಾಣತನ ಎಷ್ಟು ದೊಡ್ಡದು ಅಂತ ಗೊತ್ತಾಗಲು ಇನ್ನೊಂದು ಪ್ರಸಂಗ ಹೇಳಬೇಕು. ಅಮೆರಿಕದ ಲಾಸ್ ಏಂಜಲೀಸ್‌ನ ಒಂದು ಜೋಡಿ ಪಶ್ಚಿಮ ಆಫ್ರಿಕಾದ ಡಾಕರ್‌ಗೆ ಟಿಕೆಟ್ ತೆಗೆದುಕೊಂಡಿತು. ಟಿಕೆಟ್ ಮಾಡಿದವರು ಹಾಕಿದ್ದು ಬಾಂಗ್ಲಾದೇಶದ ಢಾಕಾದ ಕೋಡ್, ಅಂದರೆ ಏರ್‌ಪೋರ್ಟಿನ ಮೂರಕ್ಷರದ ಗುರುತು. ಡಾಕರ್ ಅಂದರೆ ಡಿಕೆಆರ್, ಢಾಕಾ ಅಂದರೆ ಡಿಎಸಿ. ಇಸ್ತಾಂಬುಲ್‌ನಲ್ಲಿ ವಿಮಾನ ಬದಲಿಸಿದರು. ಸಿಬ್ಬಂದಿ 'ಢಾಕಾ' ಅಂದಾಗ, ಟರ್ಕಿಯವರು ಡಾಕರ್ ಅನ್ನುವುದು ಹೀಗೇ ಇರಬೇಕು ಅಂದುಕೊಂಡರಂತೆ! ಕಣ್ಣೆದುರಿನ ಮ್ಯಾಪ್‌ನಲ್ಲಿ ವಿಮಾನ ಪೂರ್ವಕ್ಕೆ ಹೋಗುವುದನ್ನು ನೋಡಿದ ಮೇಲೆಯೇ ಎಚ್ಚರವಾದದ್ದು. ಸಂಶಯ ಬಂದರೂ ಮನಸ್ಸು ಅದಕ್ಕೊಂದು ಸಮಾಧಾನ ಹುಡುಕಿಕೊಳ್ಳುತ್ತದೆ. ಕಾರ್ಕಳದ ಅಮ್ಮ ಹಾಗೆ ಹುಡುಕಲಿಲ್ಲ.

ಕೋಡ್ ಅಂದಕೂಡಲೇ ನೆನಪಾಯಿತು. ನಮ್ಮ ಬಜಪೆಯ ಮಂಗಳೂರು ಏರ್‌ಪೋರ್ಟಿನದು ಐಎಕ್ಸ್‌ಇ. ಬೆಳಗಾವಿ ಐಎಕ್ಸ್‌ಜಿ. 'ಎಂ' ಇದ್ದರೆ ಮಂಗಳೂರು ಅಂತ ಐಎಕ್ಸ್‌ಎಂ ಟ್ಯಾಗ್ ಹಾಕಿಸಿಕೊಂಡಿರೋ, ನಿಮ್ಮ ಸೂಟ್‌ಕೇಸಿಗೆ ಮಧುರೈ ಮೀನಾಕ್ಷಿಯ ದರ್ಶನ. ಚೆಕ್-ಇನ್ ಕೌಂಟರಿನಲ್ಲಿ ಟ್ಯಾಗಿನ ಮೂರು ಅಕ್ಷರ ಓದಿ. ಕನ್ನಡಕ ಹಾಕಿಕೊಂಡೇ ಓದಿ.

ಸೂಟ್‌ಕೇಸ್ ಅಂದೆನಲ್ಲ. ಇದು ಬರೀ ನಗುವ ವಿಷಯ ಅಲ್ಲ ಅನ್ನುವುದು ಅಲ್ಲಿಂದಲೇ ಶುರು. ಆ ಅಮ್ಮ ಸಿಗದಿದ್ದರೆ ನಾವು ವಿಮಾನದ ಹೊಟ್ಟೆಯೊಳಗಿನ ಲಗೇಜನ್ನೆಲ್ಲ ತಡಕಿ ಅವರ ಪೆಟ್ಟಿಗೆಯನ್ನು ಕೆಳಗಿಳಿಸದೆ ಹೊರಡುವ ಹಾಗಿರಲಿಲ್ಲ. ಕಾರಣ ಕನಿಷ್ಕ ಅನ್ನುವ ವಿಮಾನ. 1985ರ ಜೂನ್ 23. ವ್ಯಾಂಕೂವರ್‌ನಲ್ಲಿ ಒಬ್ಬ ಪೆಟ್ಟಿಗೆ ಕೊಟ್ಟ, ತಾನು ಹತ್ತಲಿಲ್ಲ. ಪೆಟ್ಟಿಗೆ ಮುಂದೆ ಹೋಯಿತು. ಐರ್ಲೆಂಡ್ ಹತ್ತಿರ ಸಮುದ್ರದ ಮೇಲೆ ಏರ್ ಇಂಡಿಯಾ ವಿಮಾನ ಸ್ಫೋಟವಾಗಿ 329 ಜನ ಸತ್ತರು. ಆಮೇಲೆಯೇ, ಜನ ಒಂದು ಕಡೆ ಪೆಟ್ಟಿಗೆ ಒಂದು ಕಡೆ ಆಗಬಾರದು ಅನ್ನುವ ನಿಯಮ ಬಿಗಿಯಾದದ್ದು. ತಪ್ಪು ವಿಮಾನ ಹತ್ತಿದವರು ಪಾಪದವರೇ. ಆದರೆ ಅವರು ನುಸುಳಿದ ಸಂದಿ ಪಾಪದವರಿಗೆ ಮಾತ್ರ ಇರುವುದಲ್ಲ.

2023ರ ಡಿಸೆಂಬರ್‌ನಲ್ಲಿ ಅಮೆರಿಕದಲ್ಲಿ ಆರು ವರ್ಷದ ಹುಡುಗ ಒಬ್ಬನೇ ಅಜ್ಜಿಯ ಊರಿಗೆ ಹೊರಟಿದ್ದ. ಫಿಲಡೆಲ್ಫಿಯಾದಿಂದ ಫೋರ್ಟ್ ಮೈಯರ್ಸ್‌ಗೆ. ಸಿಬ್ಬಂದಿಯೇ ಅವನನ್ನು ಒರ್ಲಾಂಡೋ ವಿಮಾನಕ್ಕೆ ಹತ್ತಿಸಿದರು. ಅಜ್ಜಿ ಕಾಯುತ್ತಿದ್ದಲ್ಲಿಗೆ ಮಗುವಿನ ಬ್ಯಾಗ್ ಬಂತು, ಮಗು ಬರಲಿಲ್ಲ. ಆ ಅಜ್ಜಿಯ ಎದೆ ಹೇಗಾಗಿರಬೇಡ ಹೇಳಿ. 'ಎಲ್ಲಿಗೆ ಪುಟ್ಟಾ' ಅಂತ ಕೇಳಿದ್ದರೆ 'ಅಜ್ಜಿ ಮನೆಗೆ' ಅನ್ನುತ್ತಿದ್ದನೋ ಏನೋ. ಆಗಲಾದರೂ ಯಾವ ಅಜ್ಜಿ, ಯಾವ ಊರು ಅಂತ ಕಾಗದ ನೋಡುತ್ತಿದ್ದರು.

ಇನ್ನೊಂದು ಮಾತು, ಇದನ್ನು ನಮ್ಮ ಜಿಲ್ಲೆಗಳಲ್ಲಿ ಜಾಸ್ತಿ ಬಿಡಿಸಿ ಹೇಳಬೇಕಾಗಿಲ್ಲ. 2010ರ ಮೇ 22. ದುಬೈಯಿಂದ ಬಜಪೆಗೆ ಬಂದ ವಿಮಾನದ ದುರಂತ. 166 ಜನರಲ್ಲಿ 158 ಜನ ಹೋದರು. ಆ ದಿನ ಮನೆಯವರಿಗೆ ಮೊದಲು ಬೇಕಾಗಿದ್ದದ್ದು ಪ್ರಯಾಣಿಕರ ಪಟ್ಟಿ. ನಮ್ಮವರು ಅದರಲ್ಲಿ ಇದ್ದಾರಾ, ಇಲ್ವಾ. ಪಟ್ಟಿಯಲ್ಲಿರುವ ಹೆಸರೂ ಸೀಟಿನಲ್ಲಿರುವ ಮನುಷ್ಯರೂ ಒಂದೇ ಆಗಿರಬೇಕು ಅಂತ ನಾನು ಹಟ ಹಿಡಿಯುವುದು ಅದಕ್ಕೇ. ಈ ಲೆಕ್ಕ ಒಮ್ಮೊಮ್ಮೆ ಮೋಸ ಮಾಡುತ್ತದೆ. ಈ ವಿಮಾನದವರು ಒಬ್ಬರು ಆಚೆ, ಆಚೆಯವರು ಒಬ್ಬರು ಈಚೆ ಬಂದು ಕೂತರೆ ಎರಡೂ ಕಡೆ ತಲೆಯ ಲೆಕ್ಕ ಸರಿಯಾಗಿಯೇ ಬರುತ್ತದೆ. ಎಣಿಕೆಗೆ ಮುಖ ಗೊತ್ತಿಲ್ಲ.

ಸಮಯ ಆಯಿತು ಅಂತ ಚೀಟಿ ಬಂತು. ಊಟದ ಪರಿಮಳವೂ ಬಂತು.

ಆದರೂ ಎಡಿನ್‌ಬರೋ ಬಿಡುವ ಹಾಗಿಲ್ಲ, ಎರಡೇ ನಿಮಿಷ. 2019ರ ಮಾರ್ಚ್ 25. ಲಂಡನ್‌ನಿಂದ ಜರ್ಮನಿಯ ಡುಸೆಲ್ಡಾರ್ಫ್‌ಗೆ ಹೊರಟ ವಿಮಾನ. ಪ್ರಯಾಣಿಕರೆಲ್ಲ ಸರಿಯಾದ ಗೇಟು, ಸರಿಯಾದ ಸೀಟು. ವಿಮಾನವೇ ಸ್ಕಾಟ್ಲೆಂಡ್‌ನ ಎಡಿನ್‌ಬರೋಗೆ ಹೋಯಿತು! ಪೈಲಟ್ ದಾರಿ ತಪ್ಪಿದ್ದಲ್ಲ, ಅವರ ಕೈಗೆ ಕೊಟ್ಟ ಕಾಗದದಲ್ಲೇ ಎಡಿನ್‌ಬರೋ ಅಂತ ಇತ್ತು. ಇಳಿದ ಮೇಲೆ 'ಡುಸೆಲ್ಡಾರ್ಫ್‌ಗೆ ಹೋಗಬೇಕಾದವರು ಕೈ ಎತ್ತಿ' ಅಂದರು. ಎಲ್ಲಿಗೆ ಅಂತ ಕೇಳಿದರು ನೋಡಿ, ಆದರೆ ಇಳಿದ ಮೇಲೆ.

ಉಳಿದದ್ದನ್ನು ಓಡಿಸುತ್ತೇನೆ. ಈಗ ಎಷ್ಟೋ ಏರ್‌ಪೋರ್ಟ್‌ಗಳಲ್ಲಿ ಅನೌನ್ಸ್‌ಮೆಂಟ್ ಕಮ್ಮಿ ಮಾಡಿದ್ದಾರೆ. ಗೇಟ್ ಬದಲಾದರೆ ಬೋರ್ಡಿನಲ್ಲಿ ಬರುತ್ತದೆ, ಆಗಾಗ ನೋಡಿ. ಗಲ್ಫ್ ಫ್ಲೈಟ್ ಮಧ್ಯರಾತ್ರಿ ದಾಟಿ ಇದ್ದರೆ ತಾರೀಕು ಎರಡು ಸಲ ನೋಡಿ. 15ನೇ ತಾರೀಕು 00:30 ಅಂದರೆ 14ರ ರಾತ್ರಿ ಊಟ ಮುಗಿಸಿ ಬಜಪೆಗೆ ಹೋಗಬೇಕು. ಬಿಪಿ, ಶುಗರ್ ಮಾತ್ರೆ ಕೈಚೀಲದಲ್ಲೇ ಇರಲಿ. ಪೆಟ್ಟಿಗೆ ಬೇರೆ ಊರಿಗೆ ಹೋದರೂ ಮಾತ್ರೆ ನಿಮ್ಮ ಜೊತೆ ಇರುತ್ತದೆ. ವೀಲ್‌ಚೇರ್ ತೆಗೆದುಕೊಳ್ಳುವವರು ತಳ್ಳುವ ಹುಡುಗನಿಗೆ ಊರಿನ ಹೆಸರು ಹೇಳಿ. ಅವನು ಒಂದು ಗಂಟೆಯಲ್ಲಿ ನಾಲ್ಕು ಜನರನ್ನು ತಳ್ಳಿರುತ್ತಾನೆ. ಬಸ್ಸಿನಲ್ಲಿ ಒಮ್ಮೆ, ವಿಮಾನದ ಬಾಗಿಲಲ್ಲಿ ಒಮ್ಮೆ 'ಇದು ಮಂಗಳೂರಿಗೆ ತಾನೇ?' ಅಂತ ಜೋರಾಗಿ ಕೇಳಿ. ನಾಚಿಕೆ ಬೇಡ, ಹಿಂದಿನವರು ನಕ್ಕರೆ ನಗಲಿ. ತಪ್ಪಿದೆ ಅಂತ ಬಾಗಿಲು ಹಾಕುವ ಮೊದಲೇ ಗೊತ್ತಾದರೆ ಇಳಿಸುವುದು ಸುಲಭ.

ಕನೆಕ್ಟಿಂಗ್ ಫ್ಲೈಟ್ ಬಗ್ಗೆ ಬರೆದುಕೊಂಡು ಬಂದಿದ್ದೆ, ಅದು ಇನ್ನೊಂದು ಸಲ. ಹಿಂದಿನ ಸಾಲಿನಲ್ಲಿ ಅಕ್ಕ ಒಬ್ಬರು ಆಗಿನಿಂದ ಕೈ ಎತ್ತಿ ಕೂತಿದ್ದಾರೆ. ಮೈಕ್ ಕೊಡಿ ಅವರಿಗೆ. ಹೇಳಿ ಅಕ್ಕಾ.